ಬಯಲಿನ ಮೇಲಿನ ಪ್ರೀತಿಗೆ ಅಂಕ ಹಾಕುವವರು ಯಾರು?

ಹೊಸದುರ್ಗ ತಾಲ್ಲೂಕಿನ ಮತ್ತೋಡು ಒಂದು ಕಾಲಕ್ಕೆ ಗಾಜಿನ ಬಳೆಗೆ ಹೆಸರಾಗಿದ್ದ ಊರು. ಟಿಪ್ಪು ಸುಲ್ತಾನರು ಮಡಿದ ಮರುವರ್ಷ, ಅಂದರೆ 1800ರಲ್ಲಿ, ಈಸ್ಟ್ ಇಂಡಿಯಾ ಕಂಪೆನಿಯು ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಮೈಸೂರು ಸೀಮೆ ಸುತ್ತಿ ಬರಲು ಕಳುಹಿಸಿತು. ಅವನು ಮತ್ತೋಡಿಗೂ ಬಂದ. ಬಳೆಗಾಗಿ ಗಾಜು ಕಾಯಿಸುವ ಒಲೆಗಳನ್ನು ನೋಡಿದ. 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಆ ಕಸುಬಿನ ವಿವರವನ್ನು ದಾಖಲಿಸಿದ. ಅವನ ಧಣಿಗಳಿಗೆ ಬೇಕಿದ್ದುದು ಲೆಕ್ಕ. ಯಾವ ನೆಲದಲ್ಲಿ ಏನು ಬೆಳೆಯುತ್ತದೆ, ಯಾವ ಊರಿನಲ್ಲಿ ಏನು ತಯಾರಾಗುತ್ತದೆ, ಅದರಿಂದ ಖಜಾನೆಗೆ ಎಷ್ಟು ಬರುತ್ತದೆ ಎಂಬ ಲೆಕ್ಕ. ಆ ಊರಿನವರಿಗೆ ತಮ್ಮ ನೆಲದ ಮೇಲೆ ಎಷ್ಟು ಪ್ರೀತಿಯಿದೆ ಎಂದು ಅವನು ಕೇಳಲಿಲ್ಲ. ಕೇಳಬೇಕಾದ ಅಗತ್ಯವೂ ಅವನಿಗಿರಲಿಲ್ಲ.

ಇನ್ನೂರು ವರ್ಷಗಳ ನಂತರ ಆ ಪ್ರಶ್ನೆಯನ್ನೇ ಕೇಳುವ ಶಾಸ್ತ್ರವೊಂದು ವಿಶ್ವವಿದ್ಯಾನಿಲಯಗಳಲ್ಲಿ ಬೆಳೆದು ನಿಂತಿದೆ. ಉದ್ಯಾನಗಳಿಗೆ, ಕಾಡುಗಳಿಗೆ, ಕೆರೆ ದಂಡೆಗಳಿಗೆ ವಿಹಾರಕ್ಕೆಂದು ಬರುವ ಜನರಿಗೆ ಆ ಸ್ಥಳದ ಮೇಲೆ ಎಂಥ ಅಂಟು ಇದೆ ಎಂದು ಅದು ಅಳೆಯುತ್ತದೆ. ಸ್ಥಳಾನುಬಂಧ ಎಂದು ಅದನ್ನು ಕರೆಯಬಹುದು. ಇ-ಫು ತುವಾನ್ ಎಂಬ ಭೂಗೋಳ ಶಾಸ್ತ್ರಜ್ಞರು 1974ರಲ್ಲಿ ಬರೆದ 'ಟೋಪೋಫಿಲಿಯಾ' ಎಂಬ ಪುಸ್ತಕ ನೆಲದ ಮೇಲಿನ ಒಲವನ್ನೇ ಅಧ್ಯಯನದ ವಸ್ತುವಾಗಿಸಿತು. 1992ರಲ್ಲಿ ಇರ್ವಿನ್ ಆಲ್ಟ್‌ಮನ್ ಮತ್ತು ಸೇಥಾ ಲೋ ಅವರು ಸಂಪಾದಿಸಿದ ಗ್ರಂಥವು ಈ ವಿಷಯಕ್ಕೆ ಒಂದು ನೆಲೆ ಒದಗಿಸಿತು. ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಡೇನಿಯಲ್ ವಿಲಿಯಮ್ಸ್ ಮತ್ತು ಅವರ ಜೊತೆಗಾರರು ಈ ಅಂಟನ್ನು ಅಂಕಿಗಳಲ್ಲಿ ಅಳೆಯುವ ಪ್ರಶ್ನಾವಳಿಯನ್ನು ರೂಪಿಸಿದರು. ಈಗ ಜಗತ್ತಿನ ನಾನಾ ಕಡೆ ಸಂಶೋಧಕರು ಆ ಪ್ರಶ್ನಾವಳಿಯನ್ನು ಹಿಡಿದು ಉದ್ಯಾನಗಳ ಬಾಗಿಲಲ್ಲಿ ನಿಲ್ಲುತ್ತಾರೆ.

ಒಳ್ಳೆಯದೇ ಅಲ್ಲವೇ ಎಂದು ಓದುಗರು ಕೇಳಬಹುದು. ಬುಕಾನನ್ ಕೇಳದ ಪ್ರಶ್ನೆಯನ್ನು ಇವರಾದರೂ ಕೇಳುತ್ತಿದ್ದಾರಲ್ಲ! ನಮ್ಮ ತಕರಾರು ಪ್ರಶ್ನೆಯ ಬಗ್ಗೆ ಅಲ್ಲ. ಅದನ್ನು ಯಾರಿಗೆ ಕೇಳಲಾಗುತ್ತಿದೆ ಮತ್ತು ಬಂದ ಉತ್ತರದ ಬಲದಿಂದ ಯಾರ ನೆಲಕ್ಕೆ ಬೇಲಿ ಬೀಳುತ್ತಿದೆ ಎಂಬ ಬಗ್ಗೆ.

ಪ್ರಶ್ನಾವಳಿ ಮತ್ತು ಕುರಿಗಾಹಿ

ಈ ಶಾಸ್ತ್ರದಲ್ಲಿ ಎರಡು ಮುಖ್ಯ ಅಳತೆಗಳಿವೆ. ಒಂದು, ಈ ಸ್ಥಳ ನನ್ನತನದ ಭಾಗವಾಗಿದೆಯೇ ಎಂಬುದು. ಅದನ್ನು ಸ್ಥಳ ಅಸ್ಮಿತೆ ಎನ್ನುತ್ತಾರೆ. ಇನ್ನೊಂದು, ಸ್ಥಳ ಅವಲಂಬನೆ. ಹೆಸರು ಕೇಳಿದರೆ ಯಾರಿಗಾದರೂ ಹೊಟ್ಟೆಪಾಡಿನ ಮಾತು ಎನಿಸೀತು. ಆದರೆ ಪ್ರಶ್ನಾವಳಿಯಲ್ಲಿ ಅದರ ಅರ್ಥ ಬೇರೆ. ನಾನು ಇಷ್ಟಪಡುವ ಚಟುವಟಿಕೆಗೆ, ಅಂದರೆ ಚಾರಣಕ್ಕೋ ದೋಣಿವಿಹಾರಕ್ಕೋ ಗಾಳ ಹಾಕಿ ಮೀನು ಹಿಡಿಯುವುದಕ್ಕೋ, ಈ ಜಾಗ ಬೇರೆ ಜಾಗಗಳಿಗಿಂತ ಎಷ್ಟು ಹೊಂದುತ್ತದೆ ಎಂಬುದೇ ಅಲ್ಲಿ ಅವಲಂಬನೆ!

ಈ ಪ್ರಶ್ನಾವಳಿಯನ್ನು ಮತ್ತೋಡಿನ ಸುತ್ತಲಿನ ಯಾವುದಾದರೂ ಗೊಲ್ಲರಹಟ್ಟಿಯ ಕುರಿಗಾಹಿಯ ಮುಂದೆ ಇಟ್ಟರೆ ಏನಾದೀತು ಎಂದು ಊಹಿಸಿ ನೋಡೋಣ. ಪಟ್ಟಣದಿಂದ ಬಂದ ವಿದ್ಯಾರ್ಥಿ ಕೇಳುತ್ತಾನೆ: "ಯಜಮಾನ್ರೇ, ಈ ಜಾಗ ನಿಮ್ಮ ಮನಸ್ಸಿಗೆ ಎಷ್ಟು ಹತ್ತಿರ? ಒಂದರಿಂದ ಐದರವರೆಗೆ ಅಂಕ ಕೊಡಿ."

"ಅಂಕ ಯಾಕ್ ಸ್ವಾಮಿ? ಹುಲ್ಲು ಐತೆ, ಬರ್ತೀವಿ."

"ಇಲ್ಲಿ ಸಿಗೋ ಖುಷಿ ಬೇರೆ ಕಡೆ ಸಿಗುತ್ತಾ?"

"ಬ್ಯಾರೆ ಕಡೆ ಬಿಡ್ತಾರಾ?"

ಈ ಉತ್ತರಗಳನ್ನು ಯಾವ ಚೌಕದಲ್ಲಿ ಗುರುತು ಹಾಕುವುದು? ಐದಕ್ಕೆ ಐದೋ, ಸೊನ್ನೆಯೋ? "ಬ್ಯಾರೆ ಕಡೆ ಬಿಡ್ತಾರಾ" ಎಂಬ ಮಾತಿನಲ್ಲಿ ಸ್ಥಳದ ಕುರಿತು ಒಂದು ಪ್ರಬಂಧಕ್ಕೆ ಆಗುವಷ್ಟು ತಿಳಿವಳಿಕೆ ಇದೆ. ಆದರೆ ಅದು ಕೋಷ್ಟಕದಲ್ಲಿ ಕೂರುವುದಿಲ್ಲ. ಕೋಷ್ಟಕದಲ್ಲಿ ಕೂರದ್ದು ವರದಿಗೆ ಹೋಗುವುದಿಲ್ಲ. ವರದಿಯಲ್ಲಿ ಇಲ್ಲದ್ದನ್ನು ಯೋಜನೆ ಮಾಡುವವರು ನೋಡುವುದಿಲ್ಲ.

ವಿಹಾರಕ್ಕೆ ಬಂದವನು ಒಂದು ಭಾನುವಾರದ ಸಂಜೆ ಪಡೆದ ಸಂತೋಷವನ್ನು ವಿವರವಾಗಿ ಹೇಳಬಲ್ಲ. ಅವನಿಗೆ ಅದಕ್ಕೆ ಭಾಷೆಯೂ ಇದೆ, ಬಿಡುವೂ ಇದೆ. ಅದೇ ಗುಡ್ಡದಲ್ಲಿ ನಲವತ್ತು ವರ್ಷ ಕುರಿ ಮೇಯಿಸಿದವನು ಅದನ್ನು ಪ್ರೀತಿ ಎಂದು ಕರೆಯುವುದೇ ಇಲ್ಲ. ಯಾವ ಬಂಡೆಯ ಸಂದಿನಲ್ಲಿ ಬೇಸಿಗೆಯಲ್ಲೂ ನೀರು ಒಸರುತ್ತದೆ, ಯಾವ ಗಿಡದ ಸೊಪ್ಪು ಕುರಿಯ ಹೊಟ್ಟೆಯುಬ್ಬರಕ್ಕೆ ಔಷಧಿ, ಕಾರೆ ಹಣ್ಣು ಬಾರೆ ಹಣ್ಣು ಯಾವ ಇಳಿಜಾರಿನಲ್ಲಿ ಮೊದಲು ಕಳಿಯುತ್ತದೆ ಎಂಬುದು ಅವನಿಗೆ ಗೊತ್ತು. ಕುಟುಂಬವನ್ನು ಪ್ರೀತಿಸುತ್ತೀಯಾ ಎಂದು ಯಾರಾದರೂ ಕೇಳಿದರೆ ನಾವು ತಬ್ಬಿಬ್ಬಾಗುವುದಿಲ್ಲವೇ? ಹಾಗೆ ಅವನೂ ತಬ್ಬಿಬ್ಬಾಗುತ್ತಾನೆ. ಆ ಮೌನವನ್ನು ಒಲವಿನ ಕೊರತೆ ಎಂದು ಓದುವುದು ಸಂಶೋಧನೆಯಲ್ಲ, ಅನ್ಯಾಯ.

ಉದ್ಯಾನಗಳ ಹುಟ್ಟಿನ ಕಥೆ

ಇದು ಬರೀ ವಿದ್ವಾಂಸರ ನಡುವಿನ ಚರ್ಚೆಯಾಗಿದ್ದರೆ ಈ ಪುಟಗಳನ್ನು ಅದಕ್ಕೆ ಖರ್ಚು ಮಾಡುವ ಅಗತ್ಯವಿರಲಿಲ್ಲ. ವಿಹಾರಿಗಳ ಪ್ರೀತಿಗೆ ನೆಲ ಕೊಟ್ಟು, ನಿವಾಸಿಗಳ ಪ್ರೀತಿಗೆ ನೋಟೀಸು ಕೊಟ್ಟ ಚರಿತ್ರೆ ಬಹಳ ಹಳೆಯದು.

ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ಜಗತ್ತಿನ ನಗರ ಉದ್ಯಾನಗಳಿಗೆಲ್ಲ ಮಾದರಿ ಎನಿಸಿಕೊಂಡಿದೆ. ಅದರ ಹುಲ್ಲುಹಾಸಿನ ಅಡಿಯಲ್ಲಿ ಸೆನೆಕಾ ವಿಲೇಜ್ ಎಂಬ ಊರಿತ್ತು. 1825ರಿಂದ ಕರಿಯರು ಅಲ್ಲಿ ನಿವೇಶನ ಕೊಂಡು ಮನೆ ಕಟ್ಟಿದ್ದರು. ಚರ್ಚುಗಳಿದ್ದವು, ಶಾಲೆಯಿತ್ತು, ಸ್ಮಶಾನವಿತ್ತು. ಸುಮಾರು 225 ಜನ ವಾಸವಾಗಿದ್ದರು. 1857ರಲ್ಲಿ ಉದ್ಯಾನಕ್ಕಾಗಿ ಅವರೆಲ್ಲರನ್ನೂ ಎಬ್ಬಿಸಲಾಯಿತು. 1872ರಲ್ಲಿ ಘೋಷಣೆಯಾದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ನೆಲದಲ್ಲಿ ಮೂಲನಿವಾಸಿಗಳು ಬೇಟೆಯಾಡಿ ಬದುಕುತ್ತಿದ್ದರು. ಉದ್ಯಾನ ಬಂದ ಮೇಲೆ ಅವರು ಹೊರಗಾದರು. ಜನರಿಲ್ಲದ ಪ್ರಕೃತಿಯೇ ನಿಜವಾದ ಪ್ರಕೃತಿ ಎಂಬ ಈ ಅಮೆರಿಕನ್ ಕಲ್ಪನೆಯನ್ನು ಬಡ ದೇಶಗಳಿಗೆ ತಂದು ಹೇರಿದರೆ ಬಡವರೇ ಬೆಲೆ ತೆರುತ್ತಾರೆ ಎಂದು ರಾಮಚಂದ್ರ ಗುಹಾ 1989ರಲ್ಲೇ ವಾದಿಸಿದ್ದರು.

ನಮ್ಮ ನಾಗರಹೊಳೆಯಲ್ಲಿ ಆದದ್ದೇನು? ಕಾಡಿನ ರಕ್ಷಣೆಯ ಹೆಸರಿನಲ್ಲಿ ಜೇನು ಕುರುಬರು ಹಾಡಿಗಳನ್ನು ಕಳೆದುಕೊಂಡರು. ಅದೇ ಕಾಡಿನೊಳಗೆ ಪ್ರವಾಸಿಗರಿಗಾಗಿ ಐಷಾರಾಮಿ ತಂಗುದಾಣ ಕಟ್ಟಲು ಜಾಗವನ್ನು ಗುತ್ತಿಗೆ ಕೊಡಲಾಗಿತ್ತು. ಆದಿವಾಸಿಗಳು ಹೋರಾಡಿದರು, ನ್ಯಾಯಾಲಯಕ್ಕೆ ಹೋದರು. 1997ರಲ್ಲಿ ಕರ್ನಾಟಕ ಹೈಕೋರ್ಟು ಆ ಗುತ್ತಿಗೆ ಕಾನೂನುಬಾಹಿರ ಎಂದಿತು. ಆದರೆ ಹೊರಗಾದವರು ಹೊರಗೇ ಉಳಿದರು. 2025ರ ಮೇ ತಿಂಗಳಲ್ಲಿ 52 ಜೇನು ಕುರುಬ ಕುಟುಂಬಗಳು ತಮ್ಮ ಹಳೆಯ ಹಾಡಿಗೆ ಮರಳಿ ಹೋಗಿ ಗುಡಿಸಲು ಹಾಕಿದವು. 2006ರ ಅರಣ್ಯ ಹಕ್ಕು ಕಾಯ್ದೆ ತಮಗೆ ಕೊಟ್ಟಿರುವ ಹಕ್ಕನ್ನು ಕೇಳಿದವು. ನಾಲ್ಕು ದಶಕಗಳಾದರೂ ಮಾಸದ ಆ ಅಂಟನ್ನು ಅಳೆಯುವ ಪ್ರಶ್ನಾವಳಿ ಯಾವ ವಿಶ್ವವಿದ್ಯಾನಿಲಯದಲ್ಲಿದೆ?

ಒಂದೇ ನೀರು, ಎರಡು ನೋಟ

ಇನ್ನು ಮತ್ತೋಡಿನ ಸೀಮೆಗೇ ಬರೋಣ. ವೇದಾವತಿ ನದಿಗೆ ಅಡ್ಡಲಾಗಿ ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ಕಟ್ಟಿದ ವಾಣಿವಿಲಾಸ ಸಾಗರಕ್ಕೆ ನೂರು ವರ್ಷ ಮೀರಿದೆ. 1898ರಲ್ಲಿ ಶುರುವಾದ ಕೆಲಸ 1907ರಲ್ಲಿ ಮುಗಿಯಿತು. ಬರದ ಸೀಮೆಯ ಈ ಜಲಾಶಯ 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು ಬಿಟ್ಟರೆ ಮುಂದಿನ 89 ವರ್ಷ ತುಂಬಿ ಹರಿಯಲೇ ಇಲ್ಲ. 2022ರ ಸೆಪ್ಟೆಂಬರಿನಲ್ಲಿ ಕೋಡಿ ಬಿದ್ದಾಗ ಇಡೀ ಜಿಲ್ಲೆಯೇ ಹಬ್ಬ ಆಚರಿಸಿತು. ಅಜ್ಜಂದಿರು ಹೇಳಿದ ಕಥೆಯನ್ನು ಮೊಮ್ಮಕ್ಕಳು ಕಣ್ಣಾರೆ ಕಂಡರು. ಎಲ್ಲೆಲ್ಲಿಂದಲೋ ಜನ ಬಂದು ಫೋಟೋ ತೆಗೆಸಿಕೊಂಡರು. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು, ಮತ್ತೆ ಜನಸಾಗರ.

ಅದೇ ಹೊತ್ತಿನಲ್ಲಿ ಹೊಸದುರ್ಗ ಕಡೆಯ ಹಿನ್ನೀರಿನ ಹಳ್ಳಿಗಳಲ್ಲಿ ಏನಾಗುತ್ತಿತ್ತು? ಹೊಲ ತೋಟಗಳಿಗೆ ನೀರು ನುಗ್ಗಿತು. ಕೋಡಿಯ ಎತ್ತರವನ್ನು ತಗ್ಗಿಸಿ ಎಂಬ ಕೂಗು ಅಲ್ಲಿಂದ ಎದ್ದಿತು. ಬಿಡಬಾರದು, ಇದು ನಮ್ಮ ಜೀವಜಲ ಎಂದು ಕೆಳಗಿನ ಹಿರಿಯೂರು ಕಡೆಯ ರೈತರು ಪಟ್ಟು ಹಿಡಿದರು. ಎರಡೂ ಕಡೆಯವರ ಮಾತಿನಲ್ಲಿ ಬದುಕಿನ ಪ್ರಶ್ನೆಯಿತ್ತು. ಈ ಎರಡು ಕಡೆಯವರು ಒಂದೆಡೆ ಕೂತು ಮಾತಾಡಬೇಕು, ಸರಕಾರ ಮಾತಾಡಿಸಬೇಕು. ಅದು ಕಷ್ಟದ ಕೆಲಸ. ಅದರ ಬದಲು ಟಿ.ವಿ.ಗಳಲ್ಲಿ ಕಂಡದ್ದು ಮೂರನೆಯವರ ನೋಟ ಮಾತ್ರ. ನೋಡಿ ಹೋಗುವವರ ನೋಟ. ಅವರಿಗೆ ನೀರು ಚೆಂದ. ಚೆಂದವೆನ್ನುವುದು ತಪ್ಪಲ್ಲ. ಆದರೆ ಮುಳುಗಿದ ತೋಟವೂ ದೂರದಿಂದ ಚೆಂದವಾಗಿಯೇ ಕಾಣುತ್ತದೆ ಎಂಬುದನ್ನು ನಾವು ಮರೆಯಬಾರದು.

ಪಕ್ಕದ ಚಳ್ಳಕೆರೆಯ ಕಾವಲುಗಳದ್ದು ಇನ್ನೂ ಕಹಿಯಾದ ಕಥೆ. ಮೈಸೂರು ಅರಸರ ಕಾಲದಿಂದ ಬಂದು, ಹೈದರ್ ಮತ್ತು ಟಿಪ್ಪು ಕಾಲದಲ್ಲಿ ಬೆಳೆದ ಅಮೃತಮಹಲ್ ಹುಲ್ಲುಗಾವಲುಗಳು ಅವು. ದೊಡ್ಡಉಳ್ಳಾರ್ತಿ, ಖುದಾಪುರ ಸುತ್ತಿನ ಸುಮಾರು ಹತ್ತು ಸಾವಿರ ಎಕರೆ ಕಾವಲನ್ನು ಈ ಶತಮಾನದ ಮೊದಲ ದಶಕದ ಕೊನೆಯ ಹೊತ್ತಿಗೆ ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹಂಚಲಾಯಿತು. ತಮ್ಮನ್ನು ಯಾರೂ ಕೇಳಲಿಲ್ಲ ಎಂಬುದು ಹಳ್ಳಿಗರ ದೂರು. ಗೋಡೆ ಎದ್ದಿತು. ಕುರಿ ಮೇಯಿಸಿ, ಉಣ್ಣೆ ಕತ್ತರಿಸಿ, ಕಂಬಳಿ ನೇಯುತ್ತಿದ್ದವರು ಗೋಡೆಯ ಹೊರಗೆ ಉಳಿದರು. ವಿವಾದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಸರಕಾರದ ಕಡತದಲ್ಲಿ ಆ ನೆಲ ಖಾಲಿ ಇತ್ತು. ಯಾರೂ ಮನೆ ಕಟ್ಟದ, ಯಾರೂ ಉಳದ ನೆಲ ನಮ್ಮ ಅಧಿಕಾರಿಗಳ ಕಣ್ಣಿಗೆ ಯಾವಾಗಲೂ ಖಾಲಿಯೇ. ವಿಜ್ಞಾನ ಬೇಕು, ನಿಜ. ಆದರೆ ಮನುಷ್ಯರ ಮಾತನ್ನು ಕೇಳುವುದೂ ಒಂದು ವಿಜ್ಞಾನವೇ ಅಲ್ಲವೇ?

ಖಾಲಿ ಜಾಗ ಎಂಬ ಸುಳ್ಳು

ಹಳ್ಳಿಗಳಲ್ಲಿ ಉದ್ಯಾನವಿಲ್ಲ, ಆದ್ದರಿಂದ ವಿಹಾರವಿಲ್ಲ ಎಂದು ತಿಳಿದವರಿದ್ದಾರೆ. ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿಲ್ಲ. ಗೋಮಾಳ, ಗುಂಡುತೋಪು, ಕೆರೆಯಂಗಳ, ಕಣ, ಅರಳಿಕಟ್ಟೆ, ಸಂತೆಮಾಳ, ಈದ್ಗಾ ಮೈದಾನ ಇವೆಲ್ಲ ನಮ್ಮ ಹಳ್ಳಿಗಳ ಉದ್ಯಾನಗಳೇ. ನೀರಿಳಿದ ಕೆರೆಯಂಗಳದಲ್ಲಿ ಹುಡುಗರು ಕಬಡ್ಡಿ ಆಡುತ್ತಾರೆ. ಸುಗ್ಗಿ ಮುಗಿದ ಮೇಲೆ ಬಯಲಿನಲ್ಲಿ ಆಟ ಕಟ್ಟುತ್ತಾರೆ. ಬಯಲಾಟ ಎಂಬ ಹೆಸರಿನಲ್ಲೇ ಬಯಲು ಇದೆ. ಮಧ್ಯ ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಮೊಹರಂ ಅಲಾವಿಯ ಸುತ್ತ ಕುಣಿಯುವವರಲ್ಲಿ ಹಿಂದೂಗಳೇ ಹೆಚ್ಚು. ಒಂದೇ ನೆಲ ಬೆಳಗ್ಗೆ ಮೇವು, ಮಧ್ಯಾಹ್ನ ನೆರಳು, ಸಂಜೆ ಆಟ, ವರ್ಷಕ್ಕೊಮ್ಮೆ ಜಾತ್ರೆ. ದುಡಿಮೆಗೊಂದು ವಿಹಾರಕ್ಕೊಂದು ಎಂದು ಜಾಗವನ್ನು ಬೇರೆ ಮಾಡಿದ್ದು ನಗರ.

ಕಾನೂನಿಗೂ ಇದು ತಿಳಿಯದ ಸಂಗತಿಯಲ್ಲ. ಪ್ರತಿ ನೂರು ಜಾನುವಾರಿಗೆ 12 ಹೆಕ್ಟೇರ್ ಗೋಮಾಳ ಬಿಡಬೇಕು ಎಂದು ಕರ್ನಾಟಕ ಭೂಕಂದಾಯ ನಿಯಮಗಳು ಹೇಳುತ್ತವೆ. ಹಳ್ಳಿಗಳ ಸಾಮೂಹಿಕ ಜಾಗವನ್ನು ಒತ್ತುವರಿಯಿಂದ ಬಿಡಿಸಿ ಗ್ರಾಮಕ್ಕೆ ಮರಳಿಸಬೇಕೆಂದು ಸುಪ್ರೀಂ ಕೋರ್ಟು 2011ರ ಜನವರಿಯಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೂ ತಾಕೀತು ಮಾಡಿತು. ಆದರೆ ತಾಲ್ಲೂಕು ಕಚೇರಿಯ ನಕ್ಷೆಯಲ್ಲಿರುವ ಗೋಮಾಳವನ್ನು ನೆಲದ ಮೇಲೆ ಹುಡುಕಲು ಹೋದವರಿಗೆ ಗೊತ್ತು, ಅದರಲ್ಲಿ ಎಷ್ಟು ಉಳಿದಿದೆ ಎಂದು.

ಇಲ್ಲೊಂದು ಆಕ್ಷೇಪ ಬರುತ್ತದೆ. ಅದಕ್ಕೆ ಉತ್ತರಿಸದೆ ಮುಂದೆ ಹೋಗುವುದು ಪ್ರಾಮಾಣಿಕತೆಯಲ್ಲ. ಬೇಲಿ ಹಾಕದಿದ್ದರೆ ಬಲಾಢ್ಯರು ಒತ್ತುವರಿ ಮಾಡುತ್ತಾರೆ, ಪಾರ್ಕ್ ಮಾಡಿದರೆ ಕನಿಷ್ಠ ಹಸಿರಾದರೂ ಉಳಿಯುತ್ತದೆ ಎನ್ನುತ್ತಾರೆ ಕೆಲವರು. ಈ ಮಾತಿನಲ್ಲಿ ಸತ್ಯಾಂಶವಿದೆ. ಕರ್ನಾಟಕದಲ್ಲಿ ಉದ್ಯಾನ ಮತ್ತು ಆಟದ ಬಯಲುಗಳ ರಕ್ಷಣೆಗೆ 1985ರಲ್ಲಿ ಕಾಯ್ದೆ ಬಾರದಿದ್ದರೆ ಎಷ್ಟೋ ಊರುಗಳಲ್ಲಿ ಮಕ್ಕಳಿಗೆ ಈಗಿರುವ ಜಾಗವೂ ಇರುತ್ತಿರಲಿಲ್ಲ. ಹಳೆಯ ಬಯಲು ಎಲ್ಲರಿಗೂ ಒಂದೇ ರೀತಿ ತೆರೆದಿತ್ತು ಎಂದು ಹೇಳುವುದೂ ಸುಳ್ಳು. ಅರಳಿಕಟ್ಟೆಯ ಮೇಲೆ ದಲಿತನಿಗೆ ಜಾಗವಿರಲಿಲ್ಲ. ಕೆರೆಯ ನೀರಿಗೂ ಜಾತಿಯಿತ್ತು. ಹೆಂಗಸರಿಗೆ ಬಯಲು ಎಂದರೆ ಸೌದೆ, ನೀರು ಮತ್ತು ಕತ್ತಲಾಗುವುದನ್ನು ಕಾಯುವ ಅವಮಾನ. ಹಾಗಾಗಿ ಹಿಂದಿನದನ್ನೆಲ್ಲ ಹೊಗಳಿ ಹಾಡುವ ಇರಾದೆ ನಮಗಿಲ್ಲ. ಬೇಲಿ ಬೇಕಾದರೆ ಇರಲಿ. ಆದರೆ ಅದರ ಬಾಗಿಲು ಎಲ್ಲಿ, ಕೀಲಿ ಯಾರ ಕೈಯಲ್ಲಿ, ತೆರೆಯುವ ಹೊತ್ತು ಯಾರ ಹೊತ್ತು ಎಂದು ಕೇಳಲೇಬೇಕು.

ಬೆಂಗಳೂರು ಈ ವಿಷಯದಲ್ಲಿ ಒಳ್ಳೆಯ ಪಾಠ. ಅಲ್ಲಿನ ಪಾಲಿಕೆಯ ಉದ್ಯಾನಗಳು ಬಹುಕಾಲ ಬೆಳಗ್ಗೆ 10ಕ್ಕೆ ಮುಚ್ಚಿ ಮಧ್ಯಾಹ್ನ 1.30ಕ್ಕೆ ತೆರೆಯುತ್ತಿದ್ದವು. ವಾಕಿಂಗ್ ಮಾಡುವವರಿಗೆ ಅದರಿಂದ ತೊಂದರೆಯಿಲ್ಲ. ಉರಿಬಿಸಿಲಿನಲ್ಲಿ ಗಾಡಿ ತಳ್ಳಿ ದಣಿದ ಹಣ್ಣಿನ ವ್ಯಾಪಾರಿಗೆ, ಗಾರೆ ಕೆಲಸದ ಹೆಣ್ಣುಮಗಳಿಗೆ ಒಂದು ಮರದ ನೆರಳು ಬೇಕಾಗುವುದು ಅದೇ ಹೊತ್ತಿನಲ್ಲಿ! 2024ರಲ್ಲಿ ಬೆಳಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡುವ ತೀರ್ಮಾನವಾಯಿತು. ಇಷ್ಟು ಸಣ್ಣ ವಿಷಯ ತಿಳಿಯಲು ಇಷ್ಟು ಕಾಲ ಹಿಡಿಯಿತಲ್ಲ ಎಂಬುದೇ ಆಶ್ಚರ್ಯ.

ಒಳ್ಳೆಯ ಸಂಶೋಧನೆಯೂ ಇದೆ

ಸಂಶೋಧನೆಯೇ ಬೇಡ ಎಂದು ನಾವು ಹೇಳುತ್ತಿಲ್ಲ. 1984ರಲ್ಲಿ ರೋಜರ್ ಉಲ್ರಿಚ್ ಎಂಬವರು ಒಂದು ಸಣ್ಣ ಅಧ್ಯಯನ ಪ್ರಕಟಿಸಿದರು. ಅಮೆರಿಕದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳ ದಾಖಲೆ ನೋಡಿದಾಗ, ಕಿಟಕಿಯಿಂದ ಮರಗಳು ಕಾಣುತ್ತಿದ್ದವರು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋಗಿದ್ದರು ಮತ್ತು ಅವರಿಗೆ ನೋವು ನಿವಾರಕ ಕಡಿಮೆ ಸಾಕಾಗಿತ್ತು. ಹಸಿರು ಬರೀ ಶೋಕಿಯಲ್ಲ, ಆರೋಗ್ಯ ಎಂದು ತೋರಿಸಿಕೊಟ್ಟ ಕೆಲಸ ಅದು. ಹಾಗಿದ್ದರೆ ಆ ಹಸಿರು ಎಲ್ಲರಿಗೂ ಸಿಗಬೇಕಲ್ಲ ಎಂಬ ನಮ್ಮ ವಾದಕ್ಕೂ ಅದೇ ಆಧಾರ.

ಬೆಂಗಳೂರಿನಲ್ಲೇ ಹರಿಣಿ ನಾಗೇಂದ್ರ ಮತ್ತು ಅವರ ಸಂಗಡಿಗರು ಕೆರೆಗಳ, ಗುಂಡುತೋಪುಗಳ ಬಗ್ಗೆ ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಕೆರೆಗೆ ಬೇಲಿ ಬಿದ್ದು ಸುತ್ತ ನಡಿಗೆಯ ಹಾದಿ ಬಂದಾಗ ದನ ಮೇಯಿಸುವವರು, ಮೀನು ಹಿಡಿಯುವವರು, ಬಟ್ಟೆ ಒಗೆಯುವವರು, ಸೊಪ್ಪು ಕೊಯ್ಯುವವರು ಹೇಗೆ ಹೊರಗಾದರು ಎಂಬುದನ್ನು ಅವರು ಬರೆದಿದ್ದಾರೆ. ಅವರು ಬಾಗಿಲಲ್ಲಿ ನಿಂತು ಒಳಗೆ ಬಂದವರನ್ನು ಮಾತ್ರ ಕೇಳಲಿಲ್ಲ, ಒಳಗೆ ಬರಲಾಗದೆ ಹೋದವರನ್ನೂ ಹುಡುಕಿಕೊಂಡು ಹೋದರು. ನಮಗೆ ಬೇಕಾದದ್ದು ಇಂಥ ಸಂಶೋಧನೆ. ಚಿತ್ರದುರ್ಗದ ಬಯಲುಗಳಿಗೂ ಅದು ಬರಲಿ.

ಬಳೆಗಾರನ ಜಾಗ ಎಲ್ಲಿ?

ನೆಲದ ಅಂಟನ್ನು ಅಳೆಯುವ ಈ ಚಟ ವಿಶ್ವವಿದ್ಯಾನಿಲಯದ ಗೋಡೆ ದಾಟಿ ರಾಜಕೀಯದ ಕೈಗೆ ಸಿಕ್ಕರೆ ಏನಾಗುತ್ತದೆ ಎಂಬುದನ್ನೂ ಇಲ್ಲಿ ಹೇಳಬೇಕು. ಯಾರಿಗೆ ಈ ನೆಲದ ಮೇಲೆ ಪ್ರೀತಿಯಿದೆ, ಯಾರಿಗಿಲ್ಲ ಎಂದು ಅಂಕ ಹಾಕುವ ಗುತ್ತಿಗೆಯನ್ನು ಕೆಲವರು ತಾವೇ ಹಿಡಿದುಕೊಂಡಿದ್ದಾರೆ. ಅವರ ಕೈಯಲ್ಲಿ ಪ್ರಶ್ನಾವಳಿ ಇಲ್ಲ. ಉತ್ತರ ಮೊದಲೇ ಸಿದ್ಧವಾಗಿದೆ.

ಜಾತ್ರೆ ನಮ್ಮ ಹಳ್ಳಿಗಳ ಅತಿ ದೊಡ್ಡ ಬಯಲ ವಿಹಾರ. ಅಲ್ಲಿ ಬೆಂಡು ಬತ್ತಾಸಿನ ಅಂಗಡಿಯಷ್ಟೇ ಹಳೆಯದು ಬಳೆಯಂಗಡಿ. ಬಳೆ ಬಣಜಿಗರೂ ಮುಸ್ಲಿಂ ಬಳೆಗಾರರೂ ತಲೆತಲಾಂತರದಿಂದ ಊರೂರು ತಿರುಗಿ ಹೆಣ್ಣುಮಕ್ಕಳ ಕೈಗೆ ಬಳೆ ತೊಡಿಸಿದ್ದಾರೆ. ತವರಿನ ಸುದ್ದಿ ಹೊತ್ತು ತಂದಿದ್ದಾರೆ. ಅಣ್ಣ ಎನಿಸಿಕೊಂಡಿದ್ದಾರೆ. 2022ರ ಮಾರ್ಚಿನಲ್ಲಿ ಶಿವಮೊಗ್ಗದ ಕೋಟೆ ಮಾರಿಕಾಂಬಾ ಜಾತ್ರೆಯಲ್ಲಿ, ಕಾಪುವಿನ ಮಾರಿಗುಡಿಯಲ್ಲಿ, ಇನ್ನೂ ಹಲವೆಡೆ ಮುಸ್ಲಿಂ ವ್ಯಾಪಾರಿಗಳಿಗೆ ಜಾಗವಿಲ್ಲ ಎನ್ನಲಾಯಿತು. ಅಂದು ಕಳೆದುಹೋದದ್ದು ಕೆಲವರ ಒಂದು ವಾರದ ದುಡಿಮೆ ಮಾತ್ರವಲ್ಲ. ಪ್ರತಿ ವರ್ಷ ಅದೇ ಮರದಡಿ ಅಂಗಡಿ ಹಾಕುತ್ತಿದ್ದವನಿಗೆ ಆ ಮರದ ಮೇಲಿದ್ದ ಹಕ್ಕು ಹೋಯಿತು. ಅದೇ ಅಂಗಡಿಗೆ ಪ್ರತಿ ವರ್ಷ ಮಗಳ ಕೈ ಹಿಡಿದು ಬರುತ್ತಿದ್ದ ತಾಯಿಯ ಜಾತ್ರೆಯೂ ಅಷ್ಟರಮಟ್ಟಿಗೆ ಬಡವಾಯಿತು.

ಮತ್ತೋಡಿನ ಗಾಜಿನ ಒಲೆಗಳು ಆರಿ ಬಹುಕಾಲವಾಗಿದೆ. ಈಗ ನಮ್ಮ ಜಾತ್ರೆಗಳಿಗೆ ಬಳೆ ಬರುವುದು ಫಿರೋಜಾಬಾದಿನಂಥ ದೂರದ ಊರುಗಳಿಂದ. ಆ ಒಲೆಯ ಮುಂದೆ ಬೆವರಿಳಿಸಿದವರ ಜಾತಿ ಯಾವುದು, ಧರ್ಮ ಯಾವುದು ಎಂದು ಬಳೆ ತೊಟ್ಟ ಕೈ ಎಂದೂ ಕೇಳಲಿಲ್ಲ. ಈ ಸೀಮೆಯ ಮಣ್ಣು ಕಲ್ಲುಗಳನ್ನೇ ಕರಗಿಸಿ, ಬಣ್ಣ ಕೊಟ್ಟು, ನಾಡಿನ ಹೆಣ್ಣುಮಕ್ಕಳ ಕೈಗೆ ತೊಡಿಸಿದರಲ್ಲ, ಅದಕ್ಕಿಂತ ದೊಡ್ಡ ಸ್ಥಳಾನುಬಂಧ ಬೇರೆ ಯಾವುದಿದೆ?

ನಮ್ಮ ಮನೆಯ ಮಾತನ್ನೂ ಆಡಿಬಿಡೋಣ. ನಾವು ಅನ್ಯರ ಬೇಲಿಯ ಬಗ್ಗೆ ಇಷ್ಟು ಬರೆದೆವು. ನಮ್ಮ ಮೊಹಲ್ಲಾಗಳಲ್ಲಿ ಹೆಣ್ಣುಮಕ್ಕಳಿಗೆ ಸಂಜೆ ಹತ್ತು ಹೆಜ್ಜೆ ನಡೆಯಲು ಜಾಗವೆಲ್ಲಿದೆ? ಹುಡುಗರಿಗೆ ಮೈದಾನವಿದೆ, ಹುಡುಗಿಯರಿಗೆ ತಾರಸಿ ಇದೆ. ಗಂಡಸರಿಗೆ ಚಹಾದಂಗಡಿಯ ಬೆಂಚಿದೆ, ಹೆಂಗಸರಿಗೆ ಹೊಸ್ತಿಲಿದೆ. ಸಕ್ಕರೆ ಕಾಯಿಲೆಗೆ ನಡಿಗೆ ಬೇಕೆಂದು ಡಾಕ್ಟರು ಹೇಳಿದ ತಾಯಂದಿರು ಮನೆಯ ನಡುಮನೆಯಲ್ಲೇ ಸುತ್ತು ಹಾಕುತ್ತಾರೆ. ಇದು ಮುಸ್ಲಿಂ ಮನೆಗಳ ಸಮಸ್ಯೆ ಮಾತ್ರವೂ ಅಲ್ಲ, ಸಣ್ಣ ಊರುಗಳ ಎಲ್ಲ ಮನೆಗಳದ್ದೂ. ಇದಕ್ಕೆ ಸರಕಾರ ಬೇಲಿ ಹಾಕಿಲ್ಲ, ನಾವೇ ಹಾಕಿದ್ದೇವೆ. ಬಯಲು ಎಲ್ಲರದು ಎಂದು ಕೂಗುವ ಮೊದಲು ಮನೆಯ ಬಾಗಿಲಿನ ಅಗುಳಿಯನ್ನು ನೋಡಿಕೊಳ್ಳುವುದು ಒಳ್ಳೆಯದು.

ಮೊದಲ ಹಕ್ಕು ಯಾರದು?

ಮೇವಿನ ನೆಲಕ್ಕೆ ಬೇಲಿ ಹಾಕುವ ಪದ್ಧತಿ ಅರಬ್ ನಾಡಿನಲ್ಲೂ ಇತ್ತು. ಅಂಥ ಮೀಸಲು ನೆಲವನ್ನು 'ಹಿಮಾ' ಎನ್ನುತ್ತಿದ್ದರು. ಇಸ್ಲಾಮಿನ ಪೂರ್ವದಲ್ಲಿ ಬುಡಕಟ್ಟಿನ ಮುಖಂಡರು ತಮ್ಮ ಸ್ವಂತ ಮಂದೆಗಳಿಗಾಗಿ ಅದನ್ನು ಹಿಡಿದಿಡುತ್ತಿದ್ದರು. ಪ್ರವಾದಿಯವರ ಕಾಲದಲ್ಲಿ ಅದು ಸಾರ್ವಜನಿಕ ಹಿತಕ್ಕೆ ಮೀಸಲಾಯಿತು. ಖಲೀಫ ಉಮರ್ ಅವರ ಕಾಲದ ಒಂದು ಪ್ರಸಂಗ ಪ್ರಸಿದ್ಧವಾಗಿದೆ. ಹಿಮಾದ ಉಸ್ತುವಾರಿಗೆ ಅವರು ನೇಮಿಸಿದ್ದು ಹುನಯ್ ಎಂಬ ಒಬ್ಬ ವಿಮೋಚಿತ ಗುಲಾಮನನ್ನು. ಬೆರಳೆಣಿಕೆಯಷ್ಟು ಒಂಟೆ, ಕುರಿ ಇರುವ ಬಡವರನ್ನು ಒಳಗೆ ಬಿಡಬೇಕು, ಇಬ್ನು ಔಫ್, ಇಬ್ನು ಅಫ್ಫಾನ್‌ರಂಥ ಸಿರಿವಂತರ ಮಂದೆಗಳ ಬಗ್ಗೆ ಎಚ್ಚರವಾಗಿರಬೇಕು ಎಂದು ಅವರು ಅವನಿಗೆ ತಾಕೀತು ಮಾಡಿದರು. ಆ ಇಬ್ಬರೂ ಸಾಮಾನ್ಯರಲ್ಲ, ಪ್ರವಾದಿಯವರ ಅತ್ಯಂತ ಹತ್ತಿರದ ಸಂಗಾತಿಗಳು. ಉಮರ್ ಕೊಟ್ಟ ಕಾರಣವೂ ಸರಳ. ಸಿರಿವಂತರ ಮಂದೆ ಸತ್ತರೆ ಅವರಿಗೆ ತೋಟವಿದೆ, ಹೊಲವಿದೆ. ಬಡವನ ಕುರಿ ಸತ್ತರೆ ಅವನು ಮಕ್ಕಳನ್ನು ಕರೆದುಕೊಂಡು ಖಲೀಫನ ಬಾಗಿಲಿಗೇ ಬರಬೇಕಾಗುತ್ತದೆ.

ಅವಲಂಬನೆ ಎಂದರೆ ಇದು. ಹದಿನಾಲ್ಕು ಶತಮಾನಗಳ ಹಿಂದೆ ಒಬ್ಬ ಆಡಳಿತಗಾರನಿಗೆ ತಿಳಿದಿದ್ದುದನ್ನು ಇಂದಿನ ಯೋಜನಾ ಇಲಾಖೆಗಳಿಗೆ, ವಿಶ್ವವಿದ್ಯಾನಿಲಯಗಳಿಗೆ ಮತ್ತೆ ಹೇಳಿಕೊಡಬೇಕಾಗಿರುವುದು ವಿಪರ್ಯಾಸ.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ಯಾವುದೇ ಗೋಮಾಳ, ತೋಪು, ಕೆರೆದಂಡೆ ಅಥವಾ ಗುಡ್ಡವನ್ನು ಉದ್ಯಾನವೆಂದೋ ಪ್ರವಾಸಿ ತಾಣವೆಂದೋ ಘೋಷಿಸುವ ಮೊದಲು ಗ್ರಾಮಸಭೆಯ ಮುಂದೆ ಅದನ್ನು ಇಡಬೇಕು. ಆ ಸಭೆಯಲ್ಲಿ ಕುರಿಗಾಹಿಗಳೂ ಹೆಂಗಸರೂ ದಲಿತ ಕೇರಿಯವರೂ ಮಾತಾಡಿದ್ದು ದಾಖಲಾಗಬೇಕು. ಎರಡನೆಯದಾಗಿ, ಬೇಲಿ ಹಾಕಲೇಬೇಕಾದಲ್ಲಿ ಮೇವಿಗೆ, ಸೌದೆಗೆ, ಜಾತ್ರೆಗೆ, ಆಟಕ್ಕೆ ಬಾಗಿಲು ಬಿಡಬೇಕು. ಅದರ ಕೀಲಿ ಪಂಚಾಯಿತಿಯ ಬಳಿ ಇರಬೇಕು. ಮೂರನೆಯದಾಗಿ, ದಾವಣಗೆರೆಯದ್ದಾಗಲಿ ಬೆಂಗಳೂರಿನದ್ದಾಗಲಿ, ಈ ಸೀಮೆಗೆ ಸಂಶೋಧನೆಗೆಂದು ವಿದ್ಯಾರ್ಥಿಗಳನ್ನು ಕಳುಹಿಸುವ ವಿಶ್ವವಿದ್ಯಾನಿಲಯಗಳು ತಮಗೆ ಸಿಕ್ಕ ಉತ್ತರಗಳನ್ನು ಕನ್ನಡದಲ್ಲಿ ಬರೆದು ಆ ಹಳ್ಳಿಗೇ ಓದಿ ಹೇಳಬೇಕು. ತಪ್ಪಿದ್ದರೆ ಊರಿನವರು ಅಲ್ಲೇ ತಿದ್ದಲಿ. ಇದರಿಂದ ಸಂಶೋಧನೆಯ ಗೌರವ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಬುಕಾನನ್ ಮತ್ತೋಡಿಗೆ ಬಂದು ಒಲೆಗಳನ್ನು ಕಂಡ, ಬರೆದುಕೊಂಡ, ಹೋದ. ಅವನ ಪುಸ್ತಕ ಉಳಿಯಿತು, ಒಲೆಗಳು ಉಳಿಯಲಿಲ್ಲ. ಇನ್ನು ಮುಂದೆ ಬರುವವರು ಬರೆದುಕೊಂಡು ಹೋಗುವ ಮೊದಲು ಊರಿನವರೊಂದಿ­ಗೆ ಸ್ವಲ್ಪ ಹೊತ್ತು ಅರಳಿಕಟ್ಟೆಯ ಮೇಲೆ ಕೂರಲಿ. ಬಯಲು ಯಾರದೆಂಬ ಪ್ರಶ್ನೆಗೆ ಅಂಕ ಬೇಕಿಲ್ಲ. ಅಲ್ಲಿ ಯಾರ ಕುರಿ ಮೇಯುತ್ತದೆ, ಯಾರ ಮಗು ಆಡುತ್ತದೆ, ಯಾರ ಬಳೆಯಂಗಡಿ ನಿಲ್ಲುತ್ತದೆ ಎಂದು ಕಣ್ಣು ತೆರೆದು ನೋಡಿದರೆ ಸಾಕು.